ಭಾಂಡೆ ಸಂಘದ ಜಾಲತಾಣ

ನಮ್ಮ ಸಂಘದ ಜಾಲತಾಣದಲ್ಲಿ ಹದಿನೈದು ವರ್ಷಗಳಿಂದ ಒಂದು ದೀಪ ಉರಿಯುತ್ತಿತ್ತು. ಎಣ್ಣೆಯಿಲ್ಲ, ಬತ್ತಿಯಿಲ್ಲ, ಗಾಳಿಯ ಭಯವಿಲ್ಲ. ಪುಟದ ಎಡಮೂಲೆಯಲ್ಲಿ ಒಂದು ಹಿತ್ತಾಳೆಯ ದೀಪದ ಸಮೆ, ಅದರ ತುದಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೊನೆಯುವ ಹಳದಿ ಜ್ವಾಲೆ. ದೀಪದ ಕೆಳಗೆ 'ಸುಸ್ವಾಗತ' ಎಂಬ ಕೆಂಪಕ್ಷರ ಬಲದಿಂದ ಎಡಕ್ಕೆ ಓಡಿ, ಗೋಡೆಗೆ ಬಡಿದಂತೆ ಮಾಯವಾಗಿ, ಮತ್ತೆ ಬಲದಲ್ಲಿ ಹುಟ್ಟುತ್ತಿತ್ತು. ಅದರ ಕೆಳಗೆ ಬಂದುಹೋದವರನ್ನು ಎಣಿಸುವ ಒಂದು ಯಂತ್ರ. ಅದು ನನ್ನೊಬ್ಬನನ್ನೇ ಎಣಿಸುತ್ತಿದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ನಾನು ಪುಟ ತೆರೆದಾಗ ಒಂದು ಹೆಚ್ಚುತ್ತಿತ್ತು. ತೆರೆಯದ ವಾರ ಇದ್ದಲ್ಲೇ ಇರುತ್ತಿತ್ತು.

ಅನುಮಾನ ನನ್ನ ಕಸುಬು. ಧಾರವಾಡದಲ್ಲಿ ಇತಿಹಾಸ ಓದಿ, ಹಾನಗಲ್ಲಿನಲ್ಲಿ ಮೂವತ್ತು ವರ್ಷ ಅದನ್ನೇ ಕಲಿಸಿ ನಿವೃತ್ತನಾದವನು ನಾನು. ಯಾರು ಹೇಳಿದರು, ಯಾವಾಗ ಹೇಳಿದರು, ಹೇಳಿದವರಿಗೆ ಅದರಿಂದ ಏನು ಲಾಭ ಎಂದು ಕೇಳುವುದನ್ನು ವಿಶ್ವವಿದ್ಯಾಲಯ ನನಗೆ ಕಲಿಸಿತು. ಈ ಮೂರು ಪ್ರಶ್ನೆಗಳಿಂದ ನಾನು ಅನೇಕ ಮದುವೆಮನೆಗಳ ಹರಟೆಯನ್ನು ಹಾಳುಮಾಡಿದ್ದೇನೆ. ಈಚೆಗೆ ಅದೇ ಪ್ರಶ್ನೆಗಳು ನನ್ನ ಕಡೆಗೇ ತಿರುಗಿವೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ. ಹಳೆಯ ವಿದ್ಯಾರ್ಥಿ ಎದುರಾದರೆ ಅವನ ಅಣ್ಣನ ಹೆಸರಿನಿಂದ ಕರೆಯುತ್ತೇನೆ. ಅವನು ಪಾಪ, ಅಣ್ಣನಾಗಿಯೇ ಎರಡು ಮಾತಾಡಿ ಹೋಗುತ್ತಾನೆ. ಆದರೂ ಹಳೆಯ ನೆನಪುಗಳ ವಿಷಯದಲ್ಲಿ ನನಗೆ ಹೆಮ್ಮೆಯಿತ್ತು. ನಿನ್ನೆಯದು ಮರೆತರೇನು, ಐವತ್ತು ವರ್ಷದ ಹಿಂದಿನದು ಕಲ್ಲಿನಲ್ಲಿ ಕೊರೆದಂತಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಈ ಸಂಘದ ಪರಿಚಯವನ್ನು ಮೊದಲು ಹೇಳಿಬಿಡುತ್ತೇನೆ. ಕಾಗದದ ಮೇಲೆ ಅದರ ಹೆಸರು 'ಕೂಡಿ ಉಣ್ಣುವ ಬಳಗ'. ಕಾಗದ ನೋಡದ ಜನರೆಲ್ಲ ಕರೆಯುವುದು ಭಾಂಡೆ ಸಂಘ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಊರುಗಳಲ್ಲಿ ನಾಲ್ಕು ಕೋಣೆಗಳಿವೆ. ಅವುಗಳ ತುಂಬ ಭಾಂಡೆ: ಹಂಡೆ, ಕೊಪ್ಪರಿಗೆ, ಪರಾತ, ಮೊರದಗಲದ ಜಾಲರಿ, ಆಳೆತ್ತರದ ಸೌಟು. ಮದುವೆಯಿರಲಿ, ತೊಟ್ಟಿಲಿರಲಿ, ಉರುಸಿರಲಿ, ಸತ್ತವರ ದಿನದ ಊಟವಿರಲಿ, ಯಾರು ಬಂದು ಕೇಳಿದರೂ ಕೊಡುತ್ತೇವೆ. ಜಾತಿ ಕೇಳುವುದಿಲ್ಲ, ಏನು ಅಡುಗೆ ಎಂದು ಮಾತ್ರ ಕೇಳುತ್ತೇವೆ. ಮಾಂಸದಡುಗೆಯ ಪಾತ್ರೆಗಳ ಕಿವಿಗೆ ಕೆಂಪು ಬಣ್ಣದ ಪಟ್ಟಿ, ಉಳಿದವಕ್ಕೆ ಹಸಿರು. ಸಭೆಗಳಲ್ಲಿ ಬಹುಸಂಸ್ಕೃತಿ ಎಂದು ದೊಡ್ಡದಾಗಿ ಮಾತಾಡುವವರನ್ನು ಕಂಡಾಗ ನನಗೆ ಈ ಎರಡು ಡಬ್ಬಿ ಬಣ್ಣ ನೆನಪಾಗುತ್ತವೆ. ಇದರ ಜೊತೆಗೆ ಸವಣೂರಿನಲ್ಲೊಂದು ಹೊಲಿಗೆ ತರಗತಿ, ಶಿಗ್ಗಾಂವಿಯಲ್ಲೊಂದು ಓದುವ ಕೋಣೆ. ಇಷ್ಟೇ ನಮ್ಮ ಸಂಘ.

ಜಾಲತಾಣವನ್ನು ಹೊಸದಾಗಿ ಮಾಡಿಸಬೇಕೆಂದು ತೀರ್ಮಾನವಾದದ್ದು ಅದು ಮೊಬೈಲಿನಲ್ಲಿ ತೆರೆಯುತ್ತಿರಲಿಲ್ಲ ಎಂಬ ಕಾರಣಕ್ಕೆ. ತೆರೆದರೂ ದೀಪ ಮಾತ್ರ ಕಾಣುತ್ತಿತ್ತು. ಕೆಲಸ ವಹಿಸಿಕೊಂಡವಳು ಸವಿತಾ. ದುಂಡಸಿಯಿಂದ ದಿನಾ ಬಸ್ಸಿಗೆ ಬಂದು ಶಿಗ್ಗಾಂವಿ ಬಸ್ ನಿಲ್ದಾಣದ ಎದುರು ಅಂಗಡಿ ತೆರೆಯುವ ಹೆಣ್ಣುಮಗಳು. ಲಗ್ನಪತ್ರಿಕೆ, ಫ್ಲೆಕ್ಸು, ಜಾಲತಾಣ ಎಲ್ಲ ಅವಳ ಒಂದೇ ಕಂಪ್ಯೂಟರಿನಿಂದ ಹೊರಡುತ್ತವೆ. ಮೊದಲ ಸಭೆಯಲ್ಲೇ ಅವಳು ದೀಪದ ಮೇಲೆ ಕೈಯಿಟ್ಟಳು.

"ಇದನ್ನ ಆರಿಸಿಬಿಡೂನ್ರಿ."

ನಮ್ಮ ಅಧ್ಯಕ್ಷರು ಹಾನಗಲ್ಲಿನ ಗೌಡರು. ಎಂಬತ್ತರ ಹತ್ತಿರದ ವಯಸ್ಸು, ಎಪ್ಪತ್ತರ ಧ್ವನಿ. "ಆರಸೂದು ಅನಬ್ಯಾಡವಾ, ಶಾಂತ ಮಾಡೂದು ಅನ್ನು. ಮತ್ತ ಯಾಕ ಶಾಂತ ಮಾಡಬೇಕು? ಅದೇನು ನಿನ್ನ ಎಣ್ಣಿ ಕುಡೀತೈತೇನು?" ಎಂದರು.

"ಡೇಟಾ ಕುಡೀತೈತ್ರಿ."

ಗೌಡರು ಒಪ್ಪಿದರು. ಡೇಟಾ ಎಂಬುದು ಮೊಮ್ಮಕ್ಕಳು ಬಂದಾಗ ತೀರಿಹೋಗುವ ಪದಾರ್ಥವೆಂದು ಅವರಿಗೆ ಗೊತ್ತಿತ್ತು.

ಸವಿತಾ ತಂದ ಮಾದರಿ ಪುಟದಲ್ಲಿ ಐದಾರು ಬಣ್ಣದ ಕೈಗಳು ಒಂದರ ಮೇಲೊಂದು ಕೂತ ಚಿತ್ರವಿತ್ತು. ಎಲ್ಲ ಕಡೆ ಇಂಥ ಸಂಸ್ಥೆಗಳಿಗೆ ಇದನ್ನೇ ಹಾಕುತ್ತಾರೆ ಎಂದಳು. ಗೌಡರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಒಂದು ಕೈಯಾಗೂ ಸುಣ್ಣ ಹತ್ತಿಲ್ಲ. ಎಲಿ ಹಾಕದ ಈ ಮಂದಿ ಯಾರು?" ಎಂದು ಕೇಳಿದರು. ಕೈಗಳು ಹೋದವು. ಅವುಗಳ ಬದಲು ನಾಲ್ಕೂರಿನ ಪಂಕ್ತಿ ಊಟದ ಚಿತ್ರಗಳು ಬರಲಿ ಎಂದಾಯಿತು. ಆಗ ಯಾವ ಊರು ಮೊದಲು ಎಂಬ ಪ್ರಶ್ನೆ ಎದ್ದಿತು. ಐವತ್ತು ವರ್ಷದಿಂದ ಒಂದೇ ಸಾಲಿನಲ್ಲಿ ಕೂತು ಉಂಡವರು ಒಂದೇ ಸಾಲಿನಲ್ಲಿ ಚಿತ್ರವಾಗಲು ಒಪ್ಪಲಿಲ್ಲ. ಸವಿತಾ ಉಪಾಯ ಹೂಡಿ ಚಿತ್ರಗಳನ್ನು ತಿರುಗುವಂತೆ ಮಾಡಿದಳು, ಒಂದೊಂದಕ್ಕೂ ಐದು ಸೆಕೆಂಡು. ಹಿರೇಕೆರೂರಿನ ಸದಸ್ಯರೊಬ್ಬರು ಕೈಗಡಿಯಾರ ಹಿಡಿದು ಕೂತು, ಹಾನಗಲ್ಲಿಗೆ ಆರು ಸೆಕೆಂಡು ಸಿಗುತ್ತಿದೆ ಎಂದು ತಕರಾರು ತೆಗೆದರು. ಅವರ ಗಡಿಯಾರ ಯಾವ ಊರಿನದೆಂದು ಕೇಳುವ ಆಸೆಯನ್ನು ನಾನು ತಡೆದುಕೊಂಡೆ.

ನನ್ನ ಪಾಲಿಗೆ ಬಂದದ್ದು 'ನಮ್ಮ ಇತಿಹಾಸ' ಎಂಬ ಪುಟ. ಹಳೆಯದನ್ನು ಬರೆದವನೂ ನಾನೇ. "ಅದರಾಗ ಒಂದು ಸಾಲೂ ಮುಟ್ಟಬ್ಯಾಡ್ರಿ ಮಾಸ್ತರ. ಓದಿದ್ರ ಕಣ್ಣಾಗ ನೀರು ಬರ್ತಾವ" ಎಂದರು ಗೌಡರು. ನನಗೂ ಬರುತ್ತಿತ್ತು. ಅದರಲ್ಲಿದ್ದವರು ನನ್ನ ತಂದೆ.

ಆ ಪುಟದಲ್ಲಿ ನಾನು ಬರೆದದ್ದು ಹೀಗೆ. ನನ್ನ ಅಕ್ಕನ ಮದುವೆಯ ಮರುದಿನ ಮುಂಜಾವಿನ ಬಂಗಾರದ ಬಿಸಿಲಿನಲ್ಲಿ ನನ್ನ ತಂದೆ ನಮ್ಮ ಮನೆಯ ದೊಡ್ಡ ತಾಮ್ರದ ಹಂಡೆಯನ್ನು ಎತ್ತಿಕೊಂಡು ಹೊಸ್ತಿಲು ದಾಟಿದರು. ಹಂಡೆಯ ಕಂಠಕ್ಕೆ ಕಟ್ಟಿದ ಮಾವಿನೆಲೆ ಇನ್ನೂ ಬಾಡಿರಲಿಲ್ಲ. "ಇದು ನಮ್ಮದಲ್ಲ" ಎಂದರು. ಅಂದಿನಿಂದ ಆ ಹಂಡೆ ಎಲ್ಲರದಾಯಿತು. ಆ ಒಂದು ಹಂಡೆಯ ಸುತ್ತ ಉಳಿದ ಪಾತ್ರೆಗಳು ಬಂದು ಸೇರಿದವು, ಸಂಘ ಹುಟ್ಟಿತು.

ಆಗ ನನಗೆ ಆರೋ ಏಳೋ ವರ್ಷ. ದೃಶ್ಯ ಮಾತ್ರ ಕಣ್ಣಿಗೆ ಕಟ್ಟಿದಂತಿದೆ: ತಂದೆಯ ಎರಡು ಕೈಯ ನಡುವೆ ಹೊಳೆಯುವ ತಾಮ್ರ, ಹಸಿರೆಲೆ, ಹೊಸ್ತಿಲು, ಆ ಮಾತು. ಈ ನೆನಪನ್ನು ನಾನು ಎಂದೂ ಅನುಮಾನಿಸಿರಲಿಲ್ಲ. ಯಾರು ಹೇಳಿದರು? ನನ್ನ ಕಣ್ಣು. ಯಾವಾಗ? ಆಗಲೇ. ಲಾಭವೇನು? ಈ ಮೂರನೆಯದನ್ನು ಕೇಳಿಕೊಳ್ಳಲು ಮರೆತಿದ್ದೆ.

ಒಂದು ದಿನ ಸವಿತಾ ಫೋನು ಮಾಡಿದಳು. "ಸರ್, ನಿಮ್ಮ 'ಸಂಪರ್ಕಿಸಿ' ಪುಟದ ಡಬ್ಬಿ ತೆಗದೇನ್ರಿ. ಹದಿನೈದು ವರ್ಷದಾಗ ಯಾರೂ ತೆಗದಿಲ್ಲೇನ್ರಿ ಇದನ್ನ?"

ಆ ಪುಟದ ವಾಕ್ಯವೂ ನನ್ನದೇ: 'ನಿಮ್ಮ ದನಿಗಾಗಿ ನಾವು ಕಾದಿದ್ದೇವೆ.' ಜನ ಬರೆದದ್ದು ಒಂದು ಅಂಚೆಪೆಟ್ಟಿಗೆಗೆ ಹೋಗಿ ಬೀಳುತ್ತಿತ್ತು. ಆ ಪೆಟ್ಟಿಗೆಯ ಗುಪ್ತಪದ ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಸವಿತಾ ಹೇಗೋ ತೆರೆದಿದ್ದಳು. ಒಳಗೆ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತುಗಳ ನಡುವೆ ಮೂರು ಪತ್ರಗಳಿದ್ದವು. ಮೂರೂ ಸವಣೂರಿನವು, ಒಂದೊಂದರ ನಡುವೆ ವರ್ಷದ ಅಂತರ, ಮೂರರಲ್ಲೂ ಒಂದೇ ಮಾತು. ನೀವು ಬರೆದ ಹಂಡೆ ನಮ್ಮ ತಾಯಿಯದು. ದಯವಿಟ್ಟು ಸರಿಪಡಿಸಿ. ಖೈರಾಬಿ. ಮೂರನೆಯದರಲ್ಲಿ 'ದಯವಿಟ್ಟು' ಇರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ನಮ್ಮಪ್ಪನ ಹಂಡೆಯನ್ನು ಇನ್ಯಾರೋ ಕೇಳುವುದೆಂದರೇನು? ಆಮೇಲೆ ಕಸುಬು ನೆನಪಾಯಿತು. ಸಾಕ್ಷಿ ಹುಡುಕೋಣ ಎಂದು ಬಸ್ಸು ಹತ್ತಿದೆ. ಕೂತಲ್ಲಿ ಕೂರದ ಸ್ವಭಾವ ನನ್ನದು. ಮನೆಯವಳು "ಕಾಲಾಗ ಚಕ್ರ ಕಟಗೊಂಡು ಹುಟ್ಟೀರಿ" ಎನ್ನುತ್ತಾಳೆ. ಮೊದಲು ಹೋದದ್ದು ಮಾಸೂರಿಗೆ. ಅಲ್ಲಿ ಫಕೀರಪ್ಪನೆಂಬ ಹಳೆಯ ಅಡುಗೆಯವನಿದ್ದಾನೆ. ಅಕ್ಕನ ಮದುವೆಗೆ ಅನ್ನ ಬಸಿದವನು. ಮದಗದ ಕೆರೆಯ ಕಾಲುವೆಯ ಪಕ್ಕ ಬೇವಿನ ಕಟ್ಟೆಯ ಮೇಲೆ ಕೂತು, ಆ ಹಂಡೆಯ ಕತೆ ಹೇಳು ಎಂದೆ. ಅವನು ಕಣ್ಣು ಮುಚ್ಚಿ ಶುರುಮಾಡಿದ.

"ಏನ್ ಹೇಳ್ಲಿರಿ ಮಾಸ್ತರ. ಮುಂಜಾವಿನ ಬಂಗಾರದ ಬಿಸಿಲಿನಲ್ಲಿ ನಿಮ್ಮಪ್ಪಾರು..."

ಮುಂಜಾವಿನ ಬಂಗಾರದ ಬಿಸಿಲು ನಾನು ಸೇರಿಸಿದ್ದು. ಅಂದು ಬಿಸಿಲಿತ್ತೋ ಮೋಡವಿತ್ತೋ ನನಗೆ ಗೊತ್ತಿಲ್ಲ. ವಾಕ್ಯ ಬೋಳಾಗಿ ಕಂಡಿತೆಂದು ಹಾಕಿದ್ದೆ. ಫಕೀರಪ್ಪ ಹುಟ್ಟಿದಾಗಿನಿಂದ 'ಬಿಸಿಲಿನಲ್ಲಿ' ಎಂದವನಲ್ಲ, 'ಬಿಸಲಾಗ' ಎನ್ನುವವನು. ಎಲ್ಲಿ ಕೇಳಿದೆಯೋ ಇದನ್ನ ಎಂದೆ. "ಕೇಳೂದೇನ್ರಿ, ನಾನ ಅಲ್ಲಿದ್ನೆಲ್ಲ! ಮತ್ತ ವರ್ಷಾ ವರ್ಷಾ ಸಂಘದ ಊಟದಾಗ ಓದ್ತೀರಲ್ಲ, ಅದೂ ಕೇಳೇನಿ" ಎಂದ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. ಹಿರೇಕೆರೂರಿನಲ್ಲಿ ಇನ್ನಿಬ್ಬರನ್ನು ಕೇಳಿದೆ. ಅದೇ ಬಿಸಿಲು, ಅದೇ ಬಂಗಾರ. ನಾನು ಸಾಕ್ಷಿ ಹುಡುಕಿಕೊಂಡು ಊರೂರು ಅಲೆಯುತ್ತಿದ್ದೆ. ಊರೂರಿನಲ್ಲಿ ನನ್ನ ಪ್ರಬಂಧವನ್ನೇ ನನಗೆ ಒಪ್ಪಿಸುತ್ತಿದ್ದರು. ಪರೀಕ್ಷೆಯಲ್ಲಿ ಮೇಷ್ಟರ ಟಿಪ್ಪಣಿಯನ್ನೇ ಬರೆದು ಪಾಸಾಗುವ ಹುಡುಗರನ್ನು ನಾನು ಜರೆದದ್ದಿದೆ. ಆ ಟಿಪ್ಪಣಿ ಎಷ್ಟು ಸರಿಯಿತ್ತು ಎಂದು ಮಾತ್ರ ಯೋಚಿಸಿರಲಿಲ್ಲ.

ಹಿಂದಿರುಗುವಾಗ ಅಬಲೂರಿನಲ್ಲಿ ಇಳಿದು ಗುಡಿಯ ಮುಂದಿನ ಶಾಸನಗಳ ಎದುರು ಸ್ವಲ್ಪ ಹೊತ್ತು ನಿಂತೆ. ಮನಸ್ಸು ಕೆಟ್ಟಾಗ ನನಗೆ ಕಲ್ಲು ಓದುವುದು ಹಿತ. ನಮ್ಮ ಕಡೆಯ ಶಾಸನಗಳ ತಲೆಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿರುತ್ತಾರೆ, ಅವರಿರುವ ತನಕ ಈ ದಾನ ನಡೆಯಲಿ ಎಂದು. ಜಾಲತಾಣಕ್ಕೆ ಅಂಥ ಭರವಸೆಯಿಲ್ಲ. ವರ್ಷಕ್ಕೊಮ್ಮೆ ನವೀಕರಿಸಲು ಮರೆತರೆ ಸೂರ್ಯಚಂದ್ರರ ಸಮೇತ ಮುಳುಗುತ್ತದೆ. ಶಾಸನದ ಕೊನೆಯಲ್ಲಿ, ಇದನ್ನು ಅಳಿಸಿದವನಿಗೆ ಮಹಾಪಾಪ ತಟ್ಟಲಿ ಎಂಬ ಶಾಪವಿರುತ್ತದೆ. ನಮ್ಮ ಪುಟದ ಕೊನೆಯಲ್ಲಿ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂದಿತ್ತು. ಧಾಟಿ ಒಂದೇ. ಕಲ್ಲಾಗಲಿ ಪರದೆಯಾಗಲಿ, ಬರೆಸಿದವನ ಅಪ್ಪ ಯಾವಾಗಲೂ ದಾನಶೂರನಾಗಿರುತ್ತಾನೆ. ಈ ಕಲ್ಲುಗಳಲ್ಲಿ ಹೆಸರು ಬಾರದೆ, ಮೂರು ಸಲ ಕಾಗದ ಬರೆದ ಖೈರಾಬಿಯಂಥವರು ಎಷ್ಟು ಜನರೋ ಎಂದುಕೊಂಡಾಗ ಹಿತವೆನಿಸಲಿಲ್ಲ. ಮರುದಿನ ಸವಣೂರಿಗೆ ಹೋದೆ.

ಖೈರಾಬಿಗೆ ಎಪ್ಪತ್ತು ದಾಟಿದೆ. ಅವರ ತಂದೆ ವೀಳ್ಯದೆಲೆಯ ವ್ಯಾಪಾರಿ. ಹಾನಗಲ್ಲಿನ ಸಂತೆಗೆ ಎಲೆಯ ಪೆಂಡಿ ತರುತ್ತಿದ್ದರು, ನನ್ನ ತಂದೆಗೆ ಗೆಳೆಯರು. ಇದು ನನಗೂ ಮಸುಕಾಗಿ ನೆನಪಿತ್ತು. ಮನೆಯ ಪಡಸಾಲೆಯಲ್ಲಿ ನನ್ನನ್ನು ಕೂರಿಸಿ, ಸವಣೂರ ಖಾರಾ ಮತ್ತು ಚಹ ಇಟ್ಟು, ನಾನು ಒಂದು ಮುಕ್ಕು ತಿನ್ನುವ ತನಕ ಕಾದು, ಆಮೇಲೆ ಮಾತು ತೆಗೆದರು.

"ಮೂರು ಸಲ ಬರಸೇನ್ರಿ. ಮೊದಲನೇ ಸಲ ನಮ್ಮ ಬಾಜೂಮನಿ ಮಾಸ್ತರಗ ಹೇಳಿ ಬರಸಿದೆ. ಎರಡನೇ ಸಲಾನೂ ಅವಂಗ ಹೇಳ್ದೆ. ಮೂರನೇ ಸಲ ಅವನು 'ಅಜ್ಜೀ, ಅಲ್ಲಿ ಯಾರೂ ಇಲ್ಲ ಬಿಡು' ಅಂದ. ಆದ್ರೂ ಬರಸಿದೆ. ನೀವು ಇದ್ದೀರಲ್ಲ?"

"ಇದ್ದೇನ್ರಿ" ಎಂದೆ. ಬಹಳ ಸಣ್ಣ ದನಿಯಲ್ಲಿ.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳಿದರೆ ಇಷ್ಟು. ಅವರ ತಾಯಿ ಅಮೀನಾಬಿ ಮದುವೆಯಾಗಿ ಬರುವಾಗ ತವರಿನಿಂದ ತಂದ ಹಂಡೆ ಅದು. ಆ ಹಂಡೆಯಲ್ಲಿ ಅಮೀನಾಬಿ ಒಂದು ದಿನವೂ ಮಾಂಸ ಬೇಯಿಸಲಿಲ್ಲ. ಸಿಹಿ ಅನ್ನ, ಗೋಧಿಯ ಪಾಯಸ ಮಾತ್ರ. ಓಣಿಯಲ್ಲಿ ಎಲ್ಲ ಥರದವರೂ ಇದ್ದಾರೆ, ನಾಳೆ ಯಾರಾದರೂ ಕೇಳಿಕೊಂಡು ಬಂದರೆ ಇಲ್ಲವೆನ್ನಬಾರದು ಎಂದು ಒಂದು ಪಾತ್ರೆಯನ್ನು ಹಾಗೆ ಬೇರೆಯಾಗಿ ಇಟ್ಟಿದ್ದರು. ಅಕ್ಕನ ಮದುವೆಗೆ ಎಲೆ ಹೇಳಲು ಹೋದ ನನ್ನ ತಂದೆ, ಮನೆಯಲ್ಲಿ ದೊಡ್ಡ ಪಾತ್ರೆಯಿಲ್ಲವೆಂದು ಪೇಚಾಡಿದಾಗ, ಅದನ್ನೇ ಚಕ್ಕಡಿಯಲ್ಲಿಟ್ಟು ಕಳಿಸಿದರು.

"ಹೊತಗೊಂಡು ಹೋದ ಮ್ಯಾಲ ಬರಲಿಲ್ರಿ" ಎಂದರು ಖೈರಾಬಿ. "ವರ್ಷದ ಮ್ಯಾಲ ನಿಮ್ಮಪ್ಪಾರು ಬಂದ್ರು. ಬರಿಗೈಲೆ ಬಂದು ಇಲ್ಲೇ ಕಟ್ಟಿ ಮ್ಯಾಲ ಕುಂತ್ರು. ನಮ್ಮ ಅಮ್ಮಾ ಕೇಳಿದ್ಲು, ಏನಪಾ, ಹಂಡೆ? ಅಂತ. ಖಾಲಿ ಹೆಂಗ ಕೊಡ್ಲೆವ್ವಾ, ಸುಗ್ಗಿ ಆಗ್ಲಿ, ತುಂಬಿಸಿ ತರ್ತೇನಿ ಅಂದ್ರು."

ಇದನ್ನು ಕೇಳಿ ನಾನು ನಕ್ಕುಬಿಟ್ಟೆ. ಅದು ನಮ್ಮಪ್ಪನೇ, ಅನುಮಾನವೇ ಇಲ್ಲ. ನಮ್ಮ ಕಡೆ ನೆರೆಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಬಟ್ಟಲಾದರೆ ಚಿಟಿಕೆ ಸಕ್ಕರೆ, ತಂಬಿಗೆಯಾದರೆ ಒಂದು ಹಿಡಿ ಅಕ್ಕಿ. ಇನ್ನೂರು ಮಂದಿಗೆ ಅನ್ನವಾಗುವ ಹಂಡೆಗೆ ಏನು ಹಾಕಬೇಕು? ಉಳಿದವರಾದರೆ ಒಂದು ಬೆಲ್ಲದಚ್ಚು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮಪ್ಪ ಪಾತ್ರೆಯ ಅಳತೆಗೆ ಮರ್ಯಾದೆಯ ಅಳತೆ ಕೂಡಿಸಲು ಹೋಗಿ ಸುಗ್ಗಿಯಿಂದ ಸುಗ್ಗಿಗೆ ಮುಂದೂಡುತ್ತ ಹೋದರು.

"ಅಮ್ಮಾ ಭಾಳ ನಕ್ಕಳ್ರಿ. ಅಷ್ಟು ಅಕ್ಕಿ ನಾವೇನ್ ಮಾಡೂನು, ಅಲ್ಲೇ ಇರ್ಲಿ, ಯಾರರ ಕೇಳಿದ್ರ ಕೊಡು, ಆದ್ರ ಇದು ಸವಣೂರ ಅಮೀನಾಬೀದು ಅಂತ ಹೇಳಿ ಕೊಡು ಅಂದ್ಲು. ಹೇಳ್ತೇನಿ ಅಂದ್ರು ನಿಮ್ಮಪ್ಪಾರು." ಖೈರಾಬಿ ನನ್ನ ತಟ್ಟೆಗೆ ಇನ್ನಷ್ಟು ಖಾರಾ ಹಾಕಿದರು. "ಹೇಳಲಿಲ್ರಿ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಅವರ ಸೊಸೆ ಕೇಳಿಸಿಕೊಳ್ಳುತ್ತಿದ್ದಳೆಂದು ತೋರುತ್ತದೆ. ಖೈರಾಬಿ ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ತಾಯಿ ಸಾಯುವ ತನಕ, ಹಾನಗಲ್ಲಿನಲ್ಲಿ ನಮ್ಮ ಹಂಡೆ ಇದೆ, ಅದರಲ್ಲಿ ಊರೆಲ್ಲ ಉಣ್ಣುತ್ತದೆ ಎಂದು ಹೇಳುತ್ತಿದ್ದರಂತೆ. ತಾಯಿಯ ನಂತರ ಖೈರಾಬಿ ಅದನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದರು. ಒಮ್ಮೆ ಮೊಮ್ಮಗಳು ಮೊಬೈಲು ಹಿಡಿದು ಬಂದು, ದಾದೀ, ಇಲ್ಲಿ ಬೇರೆ ಬರೆದಿದೆ ನೋಡು, ಹಂಡೆ ಕೊಟ್ಟವರು ಯಾರೋ ಹಾನಗಲ್ಲಿನ ಮಾಸ್ತರರ ತಂದೆಯಂತೆ, ನೀನು ಸುಳ್ಳು ಹೇಳುತ್ತಿದ್ದೆಯಾ ಎಂದು ಕೇಳಿದಳು. ಮಗು ಚೇಷ್ಟೆಗೆ ಕೇಳಿತು. ಆದರೆ ಅಂದಿನಿಂದ ಆ ಮನೆಯಲ್ಲಿ ಖೈರಾಬಿ ಯಾವ ಹಳೆಯ ಮಾತು ತೆಗೆದರೂ ಸೊಸೆ, "ಇದು ಹಂಡೆ ಕತೀ ಹಂಗೇನ್ರಿ?" ಎಂದು ನಗುತ್ತಾಳೆ.

"ನನಗ ಹಂಡೆ ಬ್ಯಾಡ್ರಿ. ಇಡಾಕ ಜಾಗಾನೂ ಇಲ್ಲ. ನನ್ನ ಮಾತು ನನಗ ವಾಪಸ್ ಕೊಡ್ರಿ, ಸಾಕು. ಹಂಡೆ ಕಂಠದ ಮ್ಯಾಲ ಒಂದು ಬಳ್ಳಿ ಕೆತ್ತೈತಿ, ಎಲಿ ಬಳ್ಳಿ. ನಮ್ಮ ಅಜ್ಜ ಕೆತ್ತಿಸಿದ್ದು. ಹೋಗಿ ಮುಟ್ಟಿ ನೋಡ್ರಿ. ಸುಳ್ಳಿದ್ರ ಮತ್ತ ಬಂದು ಬೈರಿ."

ಸವಣೂರಿನ ಬಸ್ ನಿಲ್ದಾಣದಿಂದಲೇ ಅಕ್ಕನಿಗೆ ಫೋನು ಮಾಡಿದೆ. ಅಕ್ಕ ಶಿಗ್ಗಾಂವಿಯಲ್ಲಿದ್ದಾಳೆ, ಕಿವಿ ಸ್ವಲ್ಪ ಮಂದ, ನಾಲಿಗೆ ಇನ್ನೂ ಚುರುಕು. ಹಂಡೆಯ ಕಂಠಕ್ಕೆ ಮಾವಿನೆಲೆ ಕಟ್ಟಿದ್ದು ಯಾಕೆ ಎಂದು ಕೂಗಿ ಕೇಳಿದೆ. ನಿಲ್ದಾಣದಲ್ಲಿದ್ದವರೆಲ್ಲ ನನ್ನತ್ತ ನೋಡಿದರು.

"ಯಾಕಂದ್ರ? ಬಳ್ಳಿ ಮುಚ್ಚಾಕ! ನಾನ ಕಟ್ಟೇನಿ. ಬೀಗರು ಬಳ್ಳಿ ನೋಡಿ ಯಾರ ಮನೀದು ಅಂತ ಕೇಳಿಗೀಳ್ಯಾರು ಅಂತ ಅಪ್ಪ ಹಿತ್ತಲದಾಗ ನಿಂತು ಕಟ್ಟಿಸಿದ. ನಾ ಮದುಮಗಳು, ಅರಿಶಿಣ ಹತ್ತಿದ ಕೈಲೆ ಕಟ್ಟೇನಿ. ನಿನಗ ಗೊತ್ತಿರಲಿಲ್ಲೇನೋ? ನೀ ಅಲ್ಲೇ ನಿಂತಿದ್ದಿ, ಬೆಲ್ಲ ತಿನ್ಕೋತ!"

"ಅಪ್ಪ 'ಇದು ನಮ್ಮದಲ್ಲ' ಅಂದದ್ದು?"

"ಹೌದಪಾ, ಒಳಗ ತರಬೇಕಾದ್ರ ಅಂದ. ನಮ್ಮದಲ್ಲವಾ, ಹುಷಾರು, ತಗ್ಗು ಬಿದ್ದೀತು ಅಂದ. ನೀ ಅದನ್ನ ಏನಂತ ಬರದಿ?"

ನಾನು ಏನೆಂದು ಬರೆದಿದ್ದೆನೆಂದು ಅಕ್ಕನಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಕೈ, ತಾಮ್ರ, ಎಲೆ, ಹೊಸ್ತಿಲು. ಎಲ್ಲ ಸರಿಯಾಗಿಯೇ ಇದ್ದವು. ತಪ್ಪಿದ್ದು ದಿಕ್ಕು ಮಾತ್ರ. ಅಪ್ಪ ಹೊರಗೆ ಹೋಗುತ್ತಿರಲಿಲ್ಲ, ಒಳಗೆ ಬರುತ್ತಿದ್ದರು. ನೆನಪು ಪಟ ತೆಗೆದಿಡುತ್ತದೆ. ನಡೆಯುವವನು ಬರುತ್ತಿದ್ದನೋ ಹೋಗುತ್ತಿದ್ದನೋ ಎಂಬುದನ್ನು ನಾವು ನಮ್ಮ ಅನುಕೂಲಕ್ಕೆ ತುಂಬಿಕೊಳ್ಳುತ್ತೇವೆ. ತಂದೆಯ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರವಲು ತರುವ ಧೈರ್ಯವಿದ್ದ ಮನುಷ್ಯನಿಗೆ ಎಲ್ಲಿಂದ ತಂದೆನೆಂದು ಹೇಳುವ ಧೈರ್ಯವಿರಲಿಲ್ಲ. ಒಮ್ಮೆ ಕಟ್ಟಿದ ಎಲೆಯನ್ನು ಬಿಚ್ಚಲು ಅವರಿಗೆ ಆಮೇಲೆ ಯಾವ ದಿನವೂ ಒಳ್ಳೆಯ ದಿನವಾಗಿ ಕಂಡಿರಲಿಕ್ಕಿಲ್ಲ. ಬೀಗರು ಹೋದ ಮೇಲೆ ನೆರೆಯವರಿದ್ದರು, ನೆರೆಯವರ ನಂತರ ಊರಿತ್ತು, ಊರಿನ ನಂತರ ನಾನಿದ್ದೆ. ಎಲೆ ಒಣಗಿ ಉದುರಿದ ಮೇಲೆ ನಾನು ಬಂದು ಒಂದು ಪುಟ ಬರೆದು ಅದೇ ಜಾಗಕ್ಕೆ ಕಟ್ಟಿದೆ. ನನ್ನದು ಬಾಡುವ ಎಲೆಯೂ ಅಲ್ಲ.

ಮರುದಿನ ಹಾನಗಲ್ಲಿನ ಕೋಣೆಗೆ ಹೋಗಿ ಗೌಡರನ್ನು ಕರೆಸಿದೆ. ಹಂಡೆ ಈಗ ಕೆಲಸದಿಂದ ನಿವೃತ್ತವಾಗಿ ಮೂಲೆಯಲ್ಲಿ ಮಣೆಯ ಮೇಲೆ ಕೂತಿದೆ. ವರ್ಷಕ್ಕೊಮ್ಮೆ ಅದಕ್ಕೆ ಹೂವಿನ ಹಾರ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕಂಠದ ಕೆತ್ತನೆ ಸವೆದುಹೋಗಿತ್ತು, ಕಣ್ಣಿಗೆ ಕಾಣಲಿಲ್ಲ. ಬೆರಳಿಗೆ ಸಿಕ್ಕಿತು. ಒಂದು ಎಳೆ, ಅದರಿಂದ ಹೊರಟ ಎಲೆ, ಮತ್ತೆ ಎಳೆ, ಮತ್ತೆ ಎಲೆ. ಗೌಡರ ಬೆರಳು ಹಿಡಿದು ಅದರ ಮೇಲೆ ಓಡಿಸಿದೆ. ಎಲ್ಲ ಹೇಳಿದೆ.

ಅವರು ಮಣೆಯ ಪಕ್ಕದಲ್ಲೇ ಕೊಪ್ಪರಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಮಾಸ್ತರ, ಇದು ಗೊತ್ತಾದ್ರ ಹಳೇ ಮಂದಿ ಕೆಲವರಿಗೆ ಹೊಟ್ಟಿ ತೊಳಸ್ತೈತಿ. ಈಗಿನ ಕೆಂಪು ಹಸಿರು ಪಟ್ಟಿ ಗಿಟ್ಟಿ ಆವಾಗಿರಲಿಲ್ಲ. ಇದು ನಿಮ್ಮ ಮನೀದು ಅಂತ ನಂಬಿ ಉಂಡಾರ. ನಮ್ಮವ್ವನೂ ಉಂಡಾಳ. ಆಕೀ ಮಡಿ ನಿಮಗ ಗೊತ್ತಲ್ಲ."

ಅಮೀನಾಬಿ ಅದರಲ್ಲಿ ಮಾಂಸ ಮುಟ್ಟಿಸಿರಲಿಲ್ಲ ಎಂದು ಮತ್ತೊಮ್ಮೆ ಹೇಳಿದೆ. ಯಾರೋ ಬಂದು ಕೇಳಬಹುದೆಂಬ ಒಂದೇ ಕಾರಣಕ್ಕೆ, ಯಾರೂ ಕೇಳುವ ಮೊದಲೇ. ಗೌಡರ ಹೆಬ್ಬೆರಳು ಬಳ್ಳಿಯ ಮೇಲೆ ಹೋಗುತ್ತ ಬರುತ್ತ ಇತ್ತು.

"ನಮಗ ಮಡಿ ಅಂದ್ರ ನಮ್ಮ ಸಲುವಾಗಿ ಮಾಡೂದು. ಆ ತಾಯಿ ನಮ್ಮ ಸಲುವಾಗಿ ಮಡಿ ಮಾಡ್ಯಾಳಲ್ರೀ" ಎಂದರು. ಆಮೇಲೆ ಎದ್ದು ಧೋತರ ಕೊಡವಿಕೊಂಡು, "ಉಂಡು ಐವತ್ತು ವರ್ಷಾತು. ತೊಳಸಾಕ ಹೊಟ್ಟ್ಯಾಗ ಇನ್ನೇನ್ ಉಳದೈತಿ? ಬರೀರಿ. ನಿಮ್ಮಪ್ಪನ ಹೆಸರು ಏನ್ ಮಾಡ್ತೀರಿ?"

"ಇರ್ತೈತ್ರಿ. ಇಸಗೊಂಡು ಬಂದಾವ ಅಂತ."

ಆ ಪುಟ ಬರೆಯಲು ನನಗೆ ಒಂದು ವಾರ ಹಿಡಿಯಿತು. ಹಳೆಯದನ್ನು ಕೂತಲ್ಲೇ ಬರೆದು ಮುಗಿಸಿದ್ದೆ. ಈ ಸಲ ಬಂಗಾರದ ಬಿಸಿಲು ತೆಗೆದೆ. ಅಪ್ಪನನ್ನು ಹೊಸ್ತಿಲಿನಿಂದ ತಿರುಗಿಸಿ ಒಳಮುಖ ಮಾಡಿದೆ. ಮಾವಿನೆಲೆಯನ್ನು ಇಟ್ಟುಕೊಂಡೆ, ಯಾಕೆ ಕಟ್ಟಿದ್ದೆಂಬುದನ್ನೂ ಬರೆದೆ. ಅಪ್ಪನ ಸುಗ್ಗಿಯ ಮಾತನ್ನೂ ಬರೆದೆ, ಅದು ಬರದಿದ್ದರೆ ಅವರಿಗೆ ಪೂರ್ತಿ ಅನ್ಯಾಯವಾಗುತ್ತಿತ್ತು. ಸವಿತಾ ಫೋಟೋದ ಕೆಳಗೆ 'ಮೂಲ ದಾನಿ' ಎಂದು ಹಾಕಲು ಜಾಗ ಬಿಟ್ಟಿದ್ದಳು. ಖೈರಾಬಿಗೆ ಫೋನು ಮಾಡಿ ಕೇಳಿದೆ. "ದಾನ ಬ್ಯಾಡ್ರಿ. ದಾನ ಕೊಟ್ಟದ್ದು ಮರತುಬಿಡ್ತಾರ ಮಂದಿ. ನಮ್ಮ ಅಮ್ಮಾ ಇಸಗೊಂಡು ಹೋಗು ಅಂದಾಳ, ಅಷ್ಟ" ಎಂದರು. ಫೋಟೋದ ಕೆಳಗೆ ಈಗ ಹೀಗಿದೆ: 'ಸವಣೂರಿನ ಅಮೀನಾಬಿಯವರ ಹಂಡೆ. ಒಂದು ಮದುವೆಗೆಂದು ತಂದದ್ದು. ಇನ್ನೂ ಹಿಂದಿರುಗಿಸಿಲ್ಲ.'

ಸಂಪರ್ಕದ ಪುಟದಿಂದ 'ಕಾದಿದ್ದೇವೆ' ಎಂಬ ಮಾತು ಕಿತ್ತು, ಸವಿತಾಳಿಗೆ ಹೇಳಿ ಆ ಪೆಟ್ಟಿಗೆಯನ್ನು ನನ್ನ ಮೊಬೈಲಿಗೇ ಜೋಡಿಸಿಕೊಂಡೆ. ಕೂದಲಿನ ಎಣ್ಣೆಯವರು ಈಗ ನೇರವಾಗಿ ನನಗೇ ಬರೆಯುತ್ತಾರೆ. ದೀಪ ಶಾಂತವಾಯಿತು. ಗೌಡರು ಅದರ ನಂತರ ಜಾಲತಾಣ ತೆರೆದಾಗಲೆಲ್ಲ ಎಡಮೂಲೆಯನ್ನು ಒಮ್ಮೆ ನೋಡುತ್ತಾರೆ.

ಪುಟ ಸಿದ್ಧವಾದ ದಿನ ಮೊಬೈಲು ಹಿಡಿದು ಸವಣೂರಿಗೆ ಹೋದೆ. ಖೈರಾಬಿಗೆ ಓದು ಬರುವುದಿಲ್ಲ. ಮೊಮ್ಮಗಳು ಕಾಲೇಜಿನಿಂದ ಬರುವ ತನಕ ನಾವಿಬ್ಬರೂ ಪಡಸಾಲೆಯಲ್ಲಿ ಪರದೆ ನೋಡುತ್ತ ಕೂತೆವು. ಅವಳು ಬಂದು ನಿಂತುಕೊಂಡೇ ಓದಿದಳು. ಅಮೀನಾಬಿಯ ಹೆಸರು ಬಂದಾಗ ದನಿ ಸ್ವಲ್ಪ ನಿಧಾನವಾಯಿತು. ಮುಗಿದ ಮೇಲೆ ಖೈರಾಬಿ, "ಇನ್ನೊಮ್ಮೆ ಓದವಾ. ಜೋರಾಗಿ ಓದು, ನಿಮ್ಮ ಅಮ್ಮೀಗೆ ಒಳಗ ಕೇಳಸಂಗಿಲ್ಲ" ಎಂದರು. ಎರಡನೆಯ ಸಲ ಓದುವಾಗ ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಒಳಗೆ ಹೋಗಿ ಚಹ ತಂದಳು, ಮೊದಲ ಬಟ್ಟಲು ಅತ್ತೆಗೆ ಕೊಟ್ಟಳು.

ಹೊರಡುವಾಗ ಮೊಬೈಲಿಗೆ ಕೈ ಚಾಚಿದೆ. ಖೈರಾಬಿ ಕೊಡಲಿಲ್ಲ, "ತಡೀರಿ" ಎಂದು ಒಳಗೆ ಹೋದರು. ಬಂದಾಗ ಎರಡೂ ಕೈಯಲ್ಲಿ ಅದನ್ನು ತಟ್ಟೆಯಂತೆ ಹಿಡಿದಿದ್ದರು. ಪರದೆಯ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಒಂದು ಚೂರು ಕಲ್ಲುಸಕ್ಕರೆ.

"ಖಾಲಿ ಕೊಡಬಾರದಲ್ರಿ" ಎಂದರು.

ಎಲೆಯಲ್ಲಿ ಇನ್ನೂ ನೀರಿತ್ತು. ಮೊಬೈಲಿಗೆ ಏನಾದೀತೋ ಎಂದು ನಾನು ಹೆದರಿದೆ, ಒರೆಸಲಿಲ್ಲ. ಸಕ್ಕರೆಯನ್ನು ಅಲ್ಲೇ ಬಾಯಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಎಲೆ ಹಾಕಿಕೊಂಡೆ. ಇಷ್ಟು ಖಚಿತ. ಎಲೆ ಎರಡಿದ್ದವೋ ಮೂರಿದ್ದವೋ ಎಂಬುದು ಈಗ ಬರೆಯುವಾಗ ಸ್ಪಷ್ಟವಿಲ್ಲ. ಎರಡು ಎಂದು ಬರೆದರೆ ವಾಕ್ಯ ಚೆನ್ನಾಗಿ ಕೂರುತ್ತದೆ, ಅದಕ್ಕೇ ಭಯವಾಗುತ್ತದೆ. ಮುಂದಿನ ಸಲ ಸವಣೂರಿಗೆ ಹೋದಾಗ ಖೈರಾಬಿಯನ್ನೇ ಕೇಳಬೇಕು.